ಕೆಟ್ಟುಹೋದ ಮೇಲ್ ಕಡತಕ್ಕೆ ಇನ್‌ಬಾಕ್ಸ್ ರಿಪೇರಿ ಟೂಲ್: ಚಿಕ್ಕಮಗಳೂರಿನ ತೋಟದ ಕಚೇರಿಯಿಂದ ಒಂದು ವಿಮರ್ಶೆ

ಮೈಕ್ರೋಸಾಫ್ಟ್‌ನ ಮೇಲ್ ತಂತ್ರಾಂಶವಾದ ಕ್ಲಾಸಿಕ್ ಔಟ್‌ಲುಕ್‌ನೊಂದಿಗೆ ಉಚಿತವಾಗಿ ಬರುವ ಇನ್‌ಬಾಕ್ಸ್ ರಿಪೇರಿ ಟೂಲ್, ಅಂದರೆ ಸ್ಕ್ಯಾನ್‌ಪಿಎಸ್‌ಟಿ ಎಂಬ ಸಣ್ಣ ತಂತ್ರಾಂಶವನ್ನು, ಹಾಳಾದ ಕಡತವನ್ನು ಮತ್ತೆ ತೆರೆಯುವಂತೆ ಮಾಡುವ ಮಟ್ಟಿಗೆ ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಆದರೆ ಕಡತ ತೆರೆಯುವುದು ಬೇರೆ, ಅದರೊಳಗಿನ ಪ್ರತಿಯೊಂದು ಪತ್ರ ಉಳಿಯುವುದು ಬೇರೆ. ಈ ವ್ಯತ್ಯಾಸ ತಿಳಿಯದೆ ‘ರಿಪೇರಿ’ ಗುಂಡಿಯನ್ನು ಒತ್ತಿದವರು ಉಳಿಯಬಹುದಾಗಿದ್ದ ಪತ್ರಗಳನ್ನೂ ಕಳೆದುಕೊಳ್ಳುವ ಸಾಧ್ಯತೆ ಇದೆ ಎಂಬ ಕಾರಣಕ್ಕೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಚಿಕ್ಕಮಗಳೂರಿನ ಸುತ್ತಲಿನ ತೋಟದ ಕಚೇರಿಗಳಲ್ಲಿಯೂ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿಯೂ ಹಳೆಯ ಪಿಒಪಿ ಮಾದರಿಯ ಮೇಲ್ ಖಾತೆಗಳು ಇನ್ನೂ ಬಳಕೆಯಲ್ಲಿವೆ. ಇಂತಹ ಖಾತೆಯಲ್ಲಿ ಪತ್ರಗಳು ಸರ್ವರಿನಿಂದ ಕಚೇರಿಯ ಕಂಪ್ಯೂಟರಿಗೆ ಇಳಿಯುತ್ತವೆ. ಸರ್ವರಿನಲ್ಲಿ ಪ್ರತಿಯನ್ನು ಉಳಿಸಿಕೊಳ್ಳುವ ಆಯ್ಕೆ ಇಲ್ಲದಿದ್ದರೆ ಎಷ್ಟು ಕಾಫಿಯಿಂದ ಎಷ್ಟು ಬೀಜ ಸಿಕ್ಕಿತೆಂಬ ಔಟ್‌ಟರ್ನ್ ವರದಿ, ಖರೀದಿದಾರರ ದರಪತ್ರ, ಸ್ಯಾಂಪಲ್‌ನ ತೇವಾಂಶದ ಲೆಕ್ಕ, ಜಿಎಸ್‌ಟಿ ಕಾಗದ ಎಲ್ಲಕ್ಕೂ ಉಳಿಯುವ ಏಕೈಕ ನೆಲೆ ಆ ಕಂಪ್ಯೂಟರಿನ ಪಿಎಸ್‌ಟಿ, ಅಂದರೆ ಔಟ್‌ಲುಕ್ ಪತ್ರಗಳನ್ನೆಲ್ಲ ಕೂಡಿಡುವ ಕಡತ. ಮುಂಗಾರಿನಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಮಲೆನಾಡಿನವರಿಗೆ ಹೊಸತಲ್ಲ. ಯುಪಿಎಸ್‌ನ ಬ್ಯಾಟರಿ ಸೊರಗಿದ್ದರೆ, ಔಟ್‌ಲುಕ್ ಕಡತಕ್ಕೆ ಬರೆಯುತ್ತಿರುವಾಗಲೇ ಯಂತ್ರ ಆರಿಹೋಗುತ್ತದೆ. ನಮ್ಮ ಕಚೇರಿಯಲ್ಲಿ ಆದದ್ದೂ ಅದೇ. ಮರುದಿನ ನಮ್ಮ ರೈಟರ್ (ತೋಟದ ಗುಮಾಸ್ತರು) ಔಟ್‌ಲುಕ್ ತೆರೆದಾಗ, ಕಡತದಲ್ಲಿ ದೋಷಗಳು ಕಂಡುಬಂದಿವೆ, ಇನ್‌ಬಾಕ್ಸ್ ರಿಪೇರಿ ಟೂಲ್ ಬಳಸಿ ಎಂಬ ಸೂಚನೆ ಬಂದಿತು.

ಈ ಸಾಧನದ ಶಕ್ತಿ ಮತ್ತು ಮಿತಿ ಎರಡೂ ಪಿಎಸ್‌ಟಿಯ ಒಳರಚನೆಯನ್ನು ಅರಿತರೆ ಸ್ಪಷ್ಟವಾಗುತ್ತವೆ, ಮತ್ತು ಆ ರಚನೆಯ ವಿವರಗಳನ್ನು ಮೈಕ್ರೋಸಾಫ್ಟ್ 2010ರಲ್ಲಿ ಸಾರ್ವಜನಿಕವಾಗಿ ಪ್ರಕಟಿಸಿದೆ. ಹೊರಗಿನಿಂದ ನೋಡಿದರೆ ಫೋಲ್ಡರಿನೊಳಗೆ ಪತ್ರಗಳಿರುವಂತೆ ಕಾಣುತ್ತದೆ, ಆದರೆ ಕಡತದಲ್ಲಿ ಪತ್ರದ ಒಕ್ಕಣೆ ಒಂದು ಕಡೆ, ಯಾವ ಫೋಲ್ಡರಿನಲ್ಲಿ ಯಾವ ಪತ್ರವಿದೆ ಎಂಬ ಪಟ್ಟಿ ಇನ್ನೊಂದು ಕಡೆ, ಇವೆಲ್ಲ ಕಡತದ ಯಾವ ಸ್ಥಾನದಲ್ಲಿವೆ ಎಂದು ತೋರಿಸುವ ಸೂಚಿಗಳು ಮತ್ತೊಂದು ಕಡೆ ಇರುತ್ತವೆ. ಗೋದಾಮಿನಲ್ಲಿ ಮೂಟೆಗಳೆಲ್ಲ ಭದ್ರವಾಗಿದ್ದು ಸ್ಟಾಕ್ ಲೆಡ್ಜರಿನ ಕೆಲವು ಹಾಳೆ ಮಾತ್ರ ಹರಿದುಹೋದರೆ ಏನಾಗುತ್ತದೋ, ಕರೆಂಟ್ ಹೋಗಿ ಕೆಟ್ಟ ಕಡತದಲ್ಲಿ ಬಹುಮಟ್ಟಿಗೆ ಆಗುವುದು ಅದೇ. ಸೂಚಿಯ ಪ್ರತಿ ಪುಟ 512 ಬೈಟ್‌ಗಳದ್ದು. ಪ್ರತಿ ಪುಟದ ಮತ್ತು ಪ್ರತಿ ದತ್ತಾಂಶ ತುಣುಕಿನ ಕೊನೆಯಲ್ಲಿ ಸರಿ-ತಪ್ಪು ತಾಳೆ ನೋಡಲು ಸಿಆರ್‌ಸಿ ಎಂಬ ಒಂದು ಲೆಕ್ಕದ ಸಂಖ್ಯೆ ಇರುತ್ತದೆ. ಬರವಣಿಗೆ ಅರ್ಧಕ್ಕೆ ನಿಂತಾಗ ಈ ಸಂಖ್ಯೆ ತಾಳೆಯಾಗುವುದಿಲ್ಲ, ಔಟ್‌ಲುಕ್ ಮುಂದುವರಿಯಲು ನಿರಾಕರಿಸುತ್ತದೆ. ಪತ್ರಗಳು ಹೋದವು ಎಂದು ಆಗಲೇ ಕೈಚೆಲ್ಲಬೇಕಾಗಿಲ್ಲ.

ಸಾಧನವನ್ನು ಹುಡುಕುವುದೇ ಮೊದಲ ತೊಡಕು. ಸ್ಟಾರ್ಟ್ ಮೆನುವಿನಲ್ಲಿ ಅದು ಕಾಣುವುದಿಲ್ಲ. ಈಗಿನ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಪ್ರೋಗ್ರಾಂ ಫೈಲ್ಸ್‌ನೊಳಗೆ ಮೈಕ್ರೋಸಾಫ್ಟ್ ಆಫೀಸ್, ಅದರೊಳಗೆ ರೂಟ್, ಅದರೊಳಗೆ ಆಫೀಸ್16 ಎಂಬ ಫೋಲ್ಡರಿಗೆ ಹೋಗಬೇಕು. ಇಷ್ಟು ಮುಖ್ಯವಾದ ಸಾಧನವನ್ನು ಇಷ್ಟು ಮರೆಯಲ್ಲಿ ಇಟ್ಟಿರುವುದು ನನಗೆ ಒಪ್ಪಿಗೆಯಿಲ್ಲ. ಅದನ್ನು ನಡೆಸುವ ಮೊದಲು ಔಟ್‌ಲುಕ್ ಪೂರ್ತಿ ಮುಚ್ಚಿರಬೇಕು. ಅದಕ್ಕಿಂತ ಮುಖ್ಯವಾಗಿ, ಕೆಟ್ಟ ಕಡತವನ್ನು ಇದ್ದ ಹಾಗೆಯೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ದುರಸ್ತಿಯನ್ನು ಆ ನಕಲಿನ ಮೇಲೆ ಮಾತ್ರ ಮಾಡಬೇಕು. ಸಾಧನವೇ ಬಿಎಕೆ ಎಂಬ ವಿಸ್ತರಣೆಯ ಬ್ಯಾಕಪ್ ಮಾಡಿಕೊಳ್ಳುವ ಗುರುತು ಮೊದಲೇ ಹಾಕಿಕೊಂಡಿರುತ್ತದೆ, ಅದನ್ನು ತೆಗೆಯಬಾರದು. ಆದರೂ ಸ್ವಂತ ನಕಲು ಇರಲೇಬೇಕು, ಏಕೆಂದರೆ ಡಿಸ್ಕೇ ಸೋಲುತ್ತಿದ್ದರೆ ಆ ಬ್ಯಾಕಪ್ಪೂ ಅದೇ ಡಿಸ್ಕಿನಲ್ಲಿ ಕುಳಿತಿರುತ್ತದೆ.

ತಪಾಸಣೆ 8 ಹಂತಗಳಲ್ಲಿ ಸಾಗುತ್ತದೆ. ದೊಡ್ಡ ಕಡತವಾದರೆ ಒಂದೇ ಹಂತದಲ್ಲಿ ಬಹಳ ಹೊತ್ತು ನಿಂತಂತೆ ಕಂಡರೂ ತಾಳ್ಮೆಯಿಂದ ಬಿಡಬೇಕು. ಒಮ್ಮೆ ದುರಸ್ತಿಯಾದ ಮೇಲೆ ಮತ್ತೆ ನಡೆಸಿದರೆ ಹೊಸ ದೋಷಗಳು ಹೊರಬೀಳುವುದು ಸಹಜ, ಆದ್ದರಿಂದ ದೋಷವಿಲ್ಲ ಎಂದು ಅದೇ ಹೇಳುವ ತನಕ ಪುನಃ ಪುನಃ ನಡೆಸುವುದು ವಾಡಿಕೆ. ಕಡತವಿರುವ ಫೋಲ್ಡರಿನಲ್ಲೇ ಅದು ಬರೆದಿಡುವ ಲಾಗ್ ಅನ್ನು, ಅಂದರೆ ತಪಾಸಣೆಯ ದಾಖಲೆಯನ್ನು, ಓದಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸಾಧನದ ಗುರಿ ಕಡತವನ್ನು ನಿಯಮಕ್ಕೆ ಹೊಂದಿಸುವುದು, ಹಾಗಾಗಿ ಹೊಂದಿಸಲಾಗದ ತುಣುಕುಗಳನ್ನು ಅದು ಕೈಬಿಡುತ್ತದೆ, ಮತ್ತು ಕೈಬಿಟ್ಟದ್ದರ ಸುಳಿವು ಸಿಗುವುದು ಆ ಲಾಗ್‌ನಲ್ಲಿ ಮಾತ್ರ.

ನಮ್ಮ ಕಡತ ತೆರೆಯಿತು, ಹೆಚ್ಚಿನ ಪತ್ರಗಳು ಲಗತ್ತುಗಳ ಸಮೇತ ಸಿಕ್ಕವು. ಫೋಲ್ಡರುಗಳ ವಿಷಯದಲ್ಲಿ ಮಾತ್ರ ನೆಮ್ಮದಿ ಪೂರ್ತಿಯಾಗಲಿಲ್ಲ. ತಾಯಿ ಫೋಲ್ಡರಿನ ಕೊಂಡಿ ಕಳಚಿದ ಪತ್ರಗಳನ್ನೆಲ್ಲ ಸಾಧನವು ‘ಲಾಸ್ಟ್ ಅಂಡ್ ಫೌಂಡ್’ ಎಂಬ ಫೋಲ್ಡರಿಗೆ ತಂದು ಹಾಕುತ್ತದೆ. ಖರೀದಿದಾರರವಾರು, ಕೊಯ್ಲಿನ ವರ್ಷವಾರು, ಅರೇಬಿಕಾ ಬೇರೆ ರೊಬಸ್ಟಾ ಬೇರೆ ಎಂದು ವಿಂಗಡಿಸಿದ ಶ್ರಮವೆಲ್ಲ ಅಲ್ಲಿ ಕಲಸಿಹೋಗಿರುತ್ತದೆ. ಕಳುಹಿಸಿದವರ ಹೆಸರು, ದಿನಾಂಕ, ವಿಷಯ ಇವು ಪತ್ರದ ಜೊತೆಯಲ್ಲೇ ಇರುವುದರಿಂದ ಮರುವಿಂಗಡಣೆ ಸಾಧ್ಯ; ಕಳುಹಿಸಿದವರ ಪ್ರಕಾರ ಸಾಲಾಗಿ ಜೋಡಿಸಿಕೊಂಡರೆ ಕೆಲಸ ಹಗುರವಾಗುತ್ತದೆ. ಹೀಗೆ ಸಿಕ್ಕಿದ್ದನ್ನು ದುರಸ್ತಿಯಾದ ಕಡತದಲ್ಲೇ ಬಿಡದೆ, ಹೊಸ ಪಿಎಸ್‌ಟಿ ಒಂದನ್ನು ಸೃಷ್ಟಿಸಿ ಅದಕ್ಕೆ ಎಳೆದು ಹಾಕಬೇಕು. ಒಮ್ಮೆ ಕೆಟ್ಟು ಸರಿಯಾದ ಕಡತವನ್ನು ದಿನನಿತ್ಯದ ಕೆಲಸಕ್ಕೆ ನಾನು ನಂಬುವುದಿಲ್ಲ.

ಈ ಸಾಧನದಿಂದ ಆಗದ ಕೆಲಸಗಳೂ ಇವೆ. ಔಟ್‌ಲುಕ್ 2002 ಮತ್ತು ಅದಕ್ಕೂ ಹಿಂದಿನ ಮಾದರಿಯ ಕಡತಗಳಿಗೆ 2 ಜಿಬಿಯ ಮಿತಿ ಇತ್ತು. ಆ ಮಿತಿ ದಾಟಿ ಕೆಟ್ಟ ಹಳೆಯ ಕಡತಕ್ಕೆ ಇದು ಪರಿಹಾರವಲ್ಲ. ಕಡತದ ತಲೆಭಾಗವೇ ನಾಶವಾಗಿದ್ದರೆ ಇದು ಅದನ್ನು ಪಿಎಸ್‌ಟಿ ಎಂದು ಗುರುತಿಸುವುದೇ ಇಲ್ಲ. ಅಂತಹ ಸಂದರ್ಭದಲ್ಲಿ ಸೂಚಿಯನ್ನು ನಂಬದೆ ಇಡೀ ಕಡತವನ್ನು ಶೋಧಿಸಿ ಪತ್ರಗಳನ್ನು ಹೆಕ್ಕುವ ತಂತ್ರಾಂಶ ಬೇಕು. ಹಣ ಕೊಟ್ಟು ಕೊಳ್ಳುವ ಅಂತಹ ತಂತ್ರಾಂಶಗಳಲ್ಲಿ ಹಲವು, ಏನೇನು ಸಿಗುತ್ತದೆ ಎಂಬುದನ್ನು ಕೊಳ್ಳುವ ಮುನ್ನವೇ ತೋರಿಸುತ್ತವೆ. ಲಗತ್ತು ತೆರೆದು ನೋಡಿ ಖಚಿತವಾದ ಮೇಲೆಯೇ ಹಣ ಕೊಡಬೇಕು. ಲಿಬ್‌ಪಿಎಫ್‌ಎಫ್ ಎಂಬ ಮುಕ್ತ ತಂತ್ರಾಂಶವೂ ಅಳಿದ ಮತ್ತು ಅನಾಥ ಪತ್ರಗಳನ್ನು ಹೊರತೆಗೆಯಬಲ್ಲದು, ಆದರೆ ಅದನ್ನು ಆದೇಶಗಳನ್ನು ಟೈಪ್ ಮಾಡಿ ನಡೆಸಬೇಕಾದ್ದರಿಂದ ತಿಳಿದವರ ನೆರವು ಬೇಕಾಗುತ್ತದೆ. ಕಡತವನ್ನು ಅಪರಿಚಿತ ಜಾಲತಾಣಕ್ಕೆ ಏರಿಸಿ ರಿಪೇರಿ ಮಾಡಿಸುವುದನ್ನು ಮಾತ್ರ ಯಾರೂ ಮಾಡಬಾರದು, ಅದರಲ್ಲಿ ನಮ್ಮ ದರಗಳಷ್ಟೇ ಅಲ್ಲ, ನಮ್ಮೊಂದಿಗೆ ವ್ಯವಹರಿಸಿದವರ ಬ್ಯಾಂಕ್ ವಿವರಗಳೂ ಇರುತ್ತವೆ. ಕಡತಕ್ಕೆ ಪಾಸ್‌ವರ್ಡ್ ಇದೆ ಎಂದು ಸಮಾಧಾನಪಡುವಂತಿಲ್ಲ, ಪಿಎಸ್‌ಟಿಯ ಪಾಸ್‌ವರ್ಡ್ ಒಳಗಿನ ಪತ್ರಗಳನ್ನು ಗೂಢಲಿಪಿಯಾಗಿಸುವುದಿಲ್ಲ.

ಕೆಟ್ಟಿರುವುದು ಒಎಸ್‌ಟಿ ಕಡತವಾದರೆ ಅದು ಸಾಮಾನ್ಯವಾಗಿ ಸರ್ವರಿನ ನಕಲು. ಸರ್ವರಿನಲ್ಲಿ ಪತ್ರಗಳಿರುವುದನ್ನು ಬ್ರೌಸರಿನಲ್ಲಿ ನೋಡಿ ಖಚಿತಪಡಿಸಿಕೊಂಡು, ಹಳೆಯ ಕಡತದ ಹೆಸರು ಬದಲಿಸಿ, ಔಟ್‌ಲುಕ್ ಅದನ್ನು ಹೊಸದಾಗಿ ಕಟ್ಟಿಕೊಳ್ಳಲು ಬಿಡುವುದೇ ಸುಲಭ. ಪತ್ರಗಳು ಸರ್ವರಿನಲ್ಲೇ ಉಳಿಯುವ ಐಮ್ಯಾಪ್ ಮಾದರಿಯ ಖಾತೆಯವರು ಸಂಪರ್ಕ ವಿಳಾಸಗಳು ಮತ್ತು ಕ್ಯಾಲೆಂಡರ್ ಕಂಪ್ಯೂಟರಿನಲ್ಲಿ ಮಾತ್ರ ಇವೆಯೇ ಎಂದು ಮೊದಲು ಪರೀಕ್ಷಿಸಬೇಕು, ಇದ್ದರೆ ಹಳೆಯ ಒಎಸ್‌ಟಿಯನ್ನು ಅಳಿಸಬಾರದು.

ನಮ್ಮಲ್ಲಿ ಈಗ ಪ್ರತಿ ಕೊಯ್ಲಿನ ವರ್ಷಕ್ಕೆ ಒಂದು ಪಿಎಸ್‌ಟಿ ಇದೆ. ಔಟ್‌ಲುಕ್ 2010ರಿಂದೀಚೆಗೆ 50 ಜಿಬಿ ತನಕ ಅವಕಾಶವಿದ್ದರೂ ಕಡತವನ್ನು ಅಷ್ಟು ಬೆಳೆಯಲು ಬಿಡುವುದಿಲ್ಲ, ಏಕೆಂದರೆ ಚಿಕ್ಕ ಕಡತ ಕೆಟ್ಟರೆ ಹೋಗುವುದೂ ಕಡಿಮೆ, ತಪಾಸಣೆಗೆ ಹಿಡಿಯುವ ಸಮಯವೂ ಕಡಿಮೆ. ಬಳಕೆಯಲ್ಲಿರುವ ಪಿಎಸ್‌ಟಿಯನ್ನು ನೆಟ್‌ವರ್ಕಿನ ಹಂಚಿಕೆಯ ಫೋಲ್ಡರಿನಲ್ಲಿಟ್ಟು ನಡೆಸುವುದನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲವಾದ್ದರಿಂದ ಅದನ್ನು ಕಚೇರಿಯ ಕಂಪ್ಯೂಟರಿನಲ್ಲೇ ಇಟ್ಟಿದ್ದೇವೆ. ಸಂಜೆ ಔಟ್‌ಲುಕ್ ಮುಚ್ಚಿದ ಮೇಲೆ ರೈಟರ್ ಅದರ ನಕಲನ್ನು ಹೊರಗಿನ ಡಿಸ್ಕಿಗೆ ತೆಗೆಯುತ್ತಾರೆ. ಯುಪಿಎಸ್‌ನ ಬ್ಯಾಟರಿಯನ್ನು ಬದಲಿಸಿದ್ದೇವೆ.