ಜಿಎನ್‌ಪೈ: ಸಿಗ್ನಲ್ ಲೆಕ್ಕ ಗಟ್ಟಿ, ತರಂಗಾಂತರ ಹಂಚಿಕೆಗೆ ನಿಮ್ಮ ಕೈ ಬೇಕು

ಆಪ್ಟಿಕಲ್ ಜಾಲದಲ್ಲಿ (ಫೈಬರ್‌ನಲ್ಲಿ ಬೆಳಕಿನ ಮೂಲಕ ಮಾಹಿತಿ ಸಾಗಿಸುವ ಜಾಲ) ಹೊಸ ಸರ್ಕ್ಯೂಟ್, ಅಂದರೆ ಎರಡು ತುದಿಗಳ ನಡುವಿನ ಸಂಪರ್ಕ, ಕೊಡುವ ಮುನ್ನ ಮೂರು ವಿಷಯ ತೀರ್ಮಾನವಾಗಬೇಕು: ಯಾವ ದಾರಿ, ಯಾವ ತರಂಗಾಂತರ, ಆಚೆ ತುದಿಯಲ್ಲಿ ಸಿಗ್ನಲ್ ಓದುವಷ್ಟು ಸ್ವಚ್ಛವಾಗಿರುತ್ತದೆಯೇ. ಟೆಲಿಕಾಂ ಇನ್‌ಫ್ರಾ ಪ್ರಾಜೆಕ್ಟ್‌ನ ಜಿಎನ್‌ಪೈ, ಪೈಥಾನ್‌ನಲ್ಲಿ ಬರೆದ ಮುಕ್ತ ತಂತ್ರಾಂಶ, ಮೂರಕ್ಕೂ ಉತ್ತರ ಕೊಡುತ್ತದೆ. ಮೂರನೆಯ ಉತ್ತರವನ್ನು ಧೈರ್ಯವಾಗಿ ನಂಬಬಹುದು. ಮೊದಲ ಎರಡನ್ನು ಹಾಗೆಯೇ ಒಪ್ಪಿಕೊಂಡರೆ ಫೈಬರ್‌ನಲ್ಲಿರುವ ತರಂಗಾಂತರಗಳ ಜಾಗ ಪೋಲಾಗುತ್ತದೆ.

ಅನುಸ್ಥಾಪನೆ ಸುಲಭ. ನೋಡ್ (ಜಾಲದ ನಿಲ್ದಾಣ), ಲಿಂಕ್ (ಎರಡು ನೋಡ್‌ಗಳ ನಡುವಿನ ಫೈಬರ್), ಬೇಡಿಕೆ (ಬೇಕಿರುವ ಸರ್ಕ್ಯೂಟ್) ಇವುಗಳನ್ನು ಎಕ್ಸೆಲ್ ಹಾಳೆಯಲ್ಲಿ ಅಥವಾ ಜೆಸಾನ್ ಕಡತದಲ್ಲಿ ಕೊಡಬಹುದು. ಸಿಗ್ನಲ್‌ಗೆ ಬಲ ತುಂಬುವ ಆಂಪ್ಲಿಫೈಯರ್ ಹೆಸರಿಸದಿದ್ದರೆ ಉಪಕರಣಗಳ ಪಟ್ಟಿಯಿಂದ ತಾನೇ ಆರಿಸಿಕೊಳ್ಳುತ್ತದೆ.

ಆದರೆ ಓಡಿಸುವ ಮುಂಚೆ ಜೊತೆಗೆ ಬರುವ ಉಪಕರಣ ಕಡತವನ್ನು ತೆರೆದು ನೋಡಿ. ಅದರಲ್ಲಿ ಕನೆಕ್ಟರ್ ನಷ್ಟವೂ ಫೈಬರ್ ಹಳತಾಗುವುದಕ್ಕೆ ಬಿಡುವ ಪಾಲೂ ಸೊನ್ನೆ. ಪ್ರತಿ ಸ್ಪ್ಯಾನ್‌ನ (ಎರಡು ಆಂಪ್ಲಿಫೈಯರ್‌ಗಳ ನಡುವಿನ ಫೈಬರ್ ತುಂಡು) ಎರಡೂ ತುದಿಗೆ 0.5 ಡಿಬಿ (ಡೆಸಿಬೆಲ್) ನಷ್ಟ ಹಾಕಿದರೆ ಆಂಪ್ಲಿಫೈಯರ್ ಗದ್ದಲದ ಲೆಕ್ಕ ಸುಮಾರು 1 ಡಿಬಿ ಕೆಡುತ್ತದೆ. ಕಡತದಲ್ಲಿ ಸುರಕ್ಷತೆಗೆಂದು ಬಿಟ್ಟಿರುವ ಒಟ್ಟು ಮಾರ್ಜಿನ್ನೇ 2 ಡಿಬಿ. ಅಂದರೆ ಸೊನ್ನೆ ಬಿಟ್ಟು ಓಡಿಸಿದವರು ಅರ್ಧ ಮಾರ್ಜಿನ್ನನ್ನು ಗೊತ್ತಿಲ್ಲದೆ ತಿಂದುಹಾಕಿರುತ್ತಾರೆ.

ಈಗ ತರಂಗಾಂತರಕ್ಕೆ, ಲೆಕ್ಕದ ಭಾಷೆಯಲ್ಲಿ ಆವರ್ತನಕ್ಕೆ, ಬರೋಣ. ಇದರಲ್ಲಿರುವುದು ಒಂದೇ ವಿಧಾನ, ಫಸ್ಟ್ ಫಿಟ್: ಕಡಿಮೆ ಆವರ್ತನದ ಕಡೆಯಿಂದ ಹುಡುಕುತ್ತಾ, ದಾರಿಯ ಎಲ್ಲ ಲಿಂಕ್‌ಗಳಲ್ಲೂ ಖಾಲಿಯಿರುವ ಮೊದಲ ಜಾಗ ಹಿಡಿಯುವುದು. ಆವರ್ತನ ಪಟ್ಟಿ 191.3 ಟೆರಾಹರ್ಟ್ಸ್‌ನಿಂದ ಶುರುವಾದರೆ 50 ಗಿಗಾಹರ್ಟ್ಸ್‌ನ ಮೊದಲ ಚಾನೆಲ್‌ನ ನಡುಬಿಂದು 191.325. ಫಲಿತಾಂಶದಲ್ಲಿ ಅದು ಎನ್ -284, ಎಂ 4 ಎಂದು ಕಾಣುತ್ತದೆ. ಎನ್ ಎಂದರೆ 193.1 ಟೆರಾಹರ್ಟ್ಸ್‌ನಿಂದ 6.25 ಗಿಗಾಹರ್ಟ್ಸ್ ಹೆಜ್ಜೆಗಳ ಎಣಿಕೆ, ಎಂ ಎಂದರೆ 12.5 ಗಿಗಾಹರ್ಟ್ಸ್ ತುಂಡುಗಳ ಸಂಖ್ಯೆ. ಮುಂದಿನ ಚಾನೆಲ್ -276.

ಎಡವುವುದು ಇಲ್ಲೇ. 100 ಗಿಗಾಬಿಟ್ ಟ್ರಾನ್ಸ್‌ಪಾಂಡರ್ (ತುದಿಯಲ್ಲಿ ಬೆಳಕಿನ ಸಿಗ್ನಲ್ ಕಳಿಸಿ ಪಡೆಯುವ ಸಾಧನ) ಇಟ್ಟುಕೊಂಡು 400 ಗಿಗಾಬಿಟ್ ಬೇಡಿಕೆ ಕೊಟ್ಟರೆ, ನಾಲ್ಕು ಬಿಡಿ ಚಾನೆಲ್ ಹುಡುಕುವ ಬದಲು ಎಂ 16ರ ಒಂದೇ ಅಖಂಡ ಜಾಗ, ಅಂದರೆ 200 ಗಿಗಾಹರ್ಟ್ಸ್ ಹುಡುಕುತ್ತದೆ. ನಡುನಡುವೆ ಒಂದೊಂದೇ ಚಾನೆಲ್ ಖಾಲಿಯಿರುವ ಜಾಲದಲ್ಲಿ ಅದು ಸಿಗದೆ 'ನೋ ಸ್ಪೆಕ್ಟ್ರಮ್' (ಆವರ್ತನದಲ್ಲಿ ಜಾಗವಿಲ್ಲ) ಎಂದು ತಿರಸ್ಕರಿಸುತ್ತದೆ. ಬೇಡಿಕೆಯನ್ನು ನಾಲ್ಕು ಒಂದೇ ಥರದ ಸಾಲಾಗಿ ಒಡೆದರೂ ಮತ್ತೆ ಒಟ್ಟುಗೂಡಿಸಿಬಿಡುತ್ತದೆ. ಬಿಡಿ ಚಾನೆಲ್‌ಗಳೇ ಸಾಕೆಂದರೆ ಜೆಸಾನ್‌ನಲ್ಲಿ ಪ್ರತಿ ಸಾಲಿಗೂ ಎನ್, ಎಂ ನಾವೇ ಕೊಡಬೇಕು.

ದಾರಿಯ ವಿಷಯದಲ್ಲೂ ಇದೇ ಬಿಗಿತ. ಮೊದಲು ಫೈಬರ್ ಉದ್ದ ನೋಡಿ ಅತಿ ಹತ್ತಿರದ ದಾರಿ, ಆಮೇಲೆ ಅದರ ಮೇಲೆ ಸ್ಪೆಕ್ಟ್ರಮ್. ಆ ದಾರಿಯ ಒಂದು ಲಿಂಕ್ ತುಂಬಿದ್ದರೆ ಸುತ್ತುದಾರಿ ಖಾಲಿಯಿದ್ದರೂ ಅತ್ತ ತಿರುಗುವುದಿಲ್ಲ. ಎರಡನ್ನೂ ಕೂಡಿಸಿ ಬಿಡಿಸುವುದೇ ಈ ಸಮಸ್ಯೆಯ ತಿರುಳಾಗಿರುವಾಗ ಇದು ದೊಡ್ಡ ಕೊರತೆಯೇ ಸರಿ. ಪರಿಹಾರ: ಪ್ರತಿ ಜೋಡಿಗೂ ಮೂರು-ನಾಲ್ಕು ದಾರಿಗಳನ್ನು ಹೊರಗೆ ಲೆಕ್ಕಹಾಕಿ, ತಿರಸ್ಕೃತ ಬೇಡಿಕೆಗೆ ಮುಂದಿನ ದಾರಿಯ ನೋಡ್‌ಗಳನ್ನು 'ಸ್ಟ್ರಿಕ್ಟ್' (ಇವುಗಳ ಮೂಲಕವೇ ಹೋಗಬೇಕು) ಎಂದು ಬರೆದು ಮತ್ತೆ ಓಡಿಸುವುದು. ಹೆಚ್ಚು ಲಿಂಕ್ ದಾಟುವ ಬೇಡಿಕೆಗಳನ್ನು ಮೇಲಕ್ಕೆ ತನ್ನಿ. ಎಲ್ಲ ಲಿಂಕ್‌ಗಳಲ್ಲೂ ಒಂದೇ ಜಾಗ ಖಾಲಿಯಿರಬೇಕಾದ್ದರಿಂದ ಕೊನೆಗೆ ಸಿಕ್ಕಿಹಾಕಿಕೊಳ್ಳುವುದು ಅವೇ.

ಸಿಗ್ನಲ್ ಲೆಕ್ಕ ಮಾತ್ರ ನಿಜಕ್ಕೂ ಚೊಕ್ಕ. ಸಾಮಾನ್ಯ ಓಟದಲ್ಲಿ ಆವರ್ತನ ಪಟ್ಟಿಯೆಲ್ಲ ಚಾನೆಲ್‌ಗಳಿಂದ ತುಂಬಿದೆ ಎಂದೇ ಎಣಿಸುವುದರಿಂದ, ಇಂದು ಪಾಸಾದ ಸರ್ಕ್ಯೂಟ್ ನಾಳೆ ಪಕ್ಕದ ಚಾನೆಲ್‌ಗಳು ಬಂದ ಮಾತ್ರಕ್ಕೆ ಬೀಳುವುದಿಲ್ಲ.

ಈಗಾಗಲೇ ಓಡುತ್ತಿರುವ ಸರ್ಕ್ಯೂಟ್‌ಗಳಿದ್ದರೆ ಅವುಗಳ ಎನ್, ಎಂ ತುಂಬಿ ಬೇಡಿಕೆಗಳ ಪಟ್ಟಿಯ ತಲೆಯಲ್ಲೇ ಇಡಿ. ಹಂಚಿಕೆ ಬರೆದ ಕ್ರಮದಲ್ಲೇ ನಡೆಯುತ್ತದೆ. ಕೆಳಗಿಟ್ಟರೆ ಹೊಸ ಬೇಡಿಕೆ ಅವುಗಳ ಜಾಗದಲ್ಲೇ ಕೂತುಬಿಡುತ್ತದೆ.