‘ತಕ್ಷಣ’ ಎಂದು ಬರೆದು ಕೆಟ್ಟೆ: ಪಿಆರ್‌ಡಿ ಬರೆಯುವವರಿಗೆ ಒಂದು ಎಚ್ಚರಿಕೆ

“ಸಾಧನ ಅಳೆದ ತಾಪಮಾನ ಬಳಕೆದಾರರ ಮೊಬೈಲ್‌ನಲ್ಲಿ ತಕ್ಷಣ ಕಾಣಬೇಕು. ಬ್ಯಾಟರಿ ದೀರ್ಘಕಾಲ ಬಾಳಿಕೆ ಬರಬೇಕು.”

ಈ ಎರಡು ವಾಕ್ಯಗಳನ್ನು ಬರೆದವನು ನಾನೇ. ಬರೆದ ದಿನ ಎಷ್ಟು ಸ್ಪಷ್ಟವಾಗಿವೆ ಎಂದು ಮೆಚ್ಚಿಕೊಂಡಿದ್ದೆ ಕೂಡ. ಹನ್ನೊಂದು ಪುಟಗಳ ಪಿಆರ್‌ಡಿ (ಉತ್ಪನ್ನ ಏನೇನು ಮಾಡಬೇಕು ಎಂದು ತಂಡಗಳಿಗೆ ಹೇಳುವ ದಾಖಲೆ), ಕೊನೆಯಲ್ಲಿ ಆರು ಜನರ ಒಪ್ಪಿಗೆ. ಆ ಆರು ಜನ ಒಪ್ಪಿದ್ದು ಆರು ಬೇರೆ ಬೇರೆ ಸಾಧನಗಳಿಗೆ ಎಂಬುದು ಗೊತ್ತಾಗುವ ಹೊತ್ತಿಗೆ 400 ಸಾಧನಗಳು ಗ್ರಾಹಕರ ಗೋದಾಮುಗಳ ಕಪಾಟು ಸೇರಿದ್ದವು.

ಸಾಧನ ದೊಡ್ಡದೇನಲ್ಲ. ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪ. ಒಳಗೆ ತಾಪಮಾನದ ಸೆನ್ಸರ್, ಬ್ಲೂಟೂತ್ ಚಿಪ್, ಒಂದು ಸಿಆರ್2032 ಗುಂಡಿ ಸೆಲ್. ಅಳೆಯುವುದು, ಮೊಬೈಲ್‌ಗೆ ಕಳುಹಿಸುವುದು, ಮತ್ತೆ ಮಲಗುವುದು. ಇಷ್ಟಕ್ಕೆ ಪಿಆರ್‌ಡಿ ಬರೆಯುವುದರಲ್ಲಿ ಎಡವಲು ಏನಿದೆ ಎಂದು ನಾನೂ ಅಂದುಕೊಂಡಿದ್ದೆ.

ಹಾರ್ಡ್‌ವೇರ್ ತಂಡ ಎರಡನೆಯ ವಾಕ್ಯವನ್ನು ಮೊದಲು ಓದಿತು. ಗೋದಾಮಿನ ತಾಪಮಾನ ನಿಧಾನವಾಗಿ ಏರಿಳಿಯುವಂಥದ್ದು, ಹತ್ತು ನಿಮಿಷಕ್ಕೊಮ್ಮೆ ಅಳೆದರೆ ಧಾರಾಳ ಎಂದುಕೊಂಡಿತು. ಲೆಕ್ಕ ಹೀಗಿತ್ತು: ಮಲಗಿರುವಾಗ ಸಾಧನ ಎಳೆಯುವ ವಿದ್ಯುತ್ 5 ಮೈಕ್ರೋಆಂಪಿಯರ್. ಒಮ್ಮೆ ಎದ್ದು, ಅಳೆದು, ರೇಡಿಯೊ ಮೂಲಕ ಕಳುಹಿಸಲು 50 ಮಿಲಿಸೆಕೆಂಡು, ಆಗ 10 ಮಿಲಿಆಂಪಿಯರ್. ಹತ್ತು ನಿಮಿಷಕ್ಕೆ ಹರಡಿದರೆ ಸರಾಸರಿ 6 ಮೈಕ್ರೋಆಂಪಿಯರ್ ಕೂಡ ದಾಟುವುದಿಲ್ಲ. ಸೆಲ್‌ನ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ. ಕಾಗದದ ಮೇಲೆ ನಾಲ್ಕು ವರ್ಷ. ಚಳಿ, ಸೋರಿಕೆ, ಸೆಲ್‌ನ ವಯಸ್ಸು ಎಲ್ಲ ಕಳೆದರೂ ಎರಡು ವರ್ಷಕ್ಕೆ ಮೋಸವಿಲ್ಲ.

ಸಾಫ್ಟ್‌ವೇರ್ ತಂಡ ಮೊದಲನೆಯ ವಾಕ್ಯವನ್ನು ಮೊದಲು ಓದಿತು. ಮೊಬೈಲ್ ಆ್ಯಪ್ ಬರೆಯುವವರಿಗೆ ‘ತಕ್ಷಣ’ ಎಂದರೆ ಪರದೆಯ ಮೇಲೆ ಅಂಕಿ ಕಣ್ಣೆದುರೇ ಬದಲಾಗಬೇಕು. ಐದು ಸೆಕೆಂಡಿಗೊಮ್ಮೆ ಎಂದು ಫರ್ಮ್‌ವೇರ್, ಅಂದರೆ ಸಾಧನದ ಚಿಪ್‌ನೊಳಗೆ ಓಡುವ ಸಾಫ್ಟ್‌ವೇರ್, ಬರೆಯುವವರಿಗೆ ಹೇಳಿದರು. ಅವರು ಒಂದು ಸಾಲು ತಿದ್ದಿದರು. ಅದೇ ಲೆಕ್ಕವನ್ನು ಐದು ಸೆಕೆಂಡಿಗೆ ಮಾಡಿ ನೋಡಿ: ಸರಾಸರಿ 105 ಮೈಕ್ರೋಆಂಪಿಯರ್, 87 ದಿನ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಿಲ್ಲ ಇಲ್ಲಿ, ಎತ್ತೂ ಕೋಣವೂ ತಮಗೆ ಹೇಳಿದ ದಿಕ್ಕಿಗೇ ಎಳೆದಿದ್ದವು. ಹಗ್ಗ ಕಟ್ಟಿದವನು ನಾನು.

ಪರೀಕ್ಷೆಯಲ್ಲಿ ಇದು ಏಕೆ ಸಿಕ್ಕಿಬೀಳಲಿಲ್ಲ ಎಂದು ಕೇಳುತ್ತೀರಿ. ಪರೀಕ್ಷೆಯ ಮೇಜಿನ ಮೇಲಿದ್ದ ಸರ್ಕ್ಯೂಟ್ ಬೋರ್ಡ್‌ಗಳೆಲ್ಲ, ದೋಷ ಹುಡುಕಲು ಕಂಪ್ಯೂಟರ್‌ಗೆ ಜೋಡಿಸುವ ಡೀಬಗರ್ ಕೇಬಲ್‌ನಿಂದಲೇ ವಿದ್ಯುತ್ ಪಡೆಯುತ್ತಿದ್ದವು. ಸೆಲ್ ಹಾಕಿ ನೋಡಿದವರಿಲ್ಲ. ‘ದೀರ್ಘಕಾಲ’ವನ್ನು ಪರೀಕ್ಷಿಸುವುದಾದರೂ ಹೇಗೆ? ಪರೀಕ್ಷಾ ತಂಡದ ಪಟ್ಟಿಯಲ್ಲಿ ಆ ಸಾಲಿನ ಎದುರು ‘ಸರಿಯಾಗಿದೆ’ ಎಂಬ ಗುರುತಿತ್ತು. ಯಾವ ಆಧಾರದ ಮೇಲೆ ಎಂದು ಆಮೇಲೆ ವಿಚಾರಿಸಿದೆ. “ಬಾಳಿಕೆ ಬರುವುದಿಲ್ಲ ಎನ್ನಲು ನಮ್ಮ ಬಳಿ ಕಾರಣವಿರಲಿಲ್ಲ ಸರ್” ಎಂಬ ಉತ್ತರ ಬಂತು. ಸಿಟ್ಟು ಬಂತು, ಆದರೆ ಮಾತು ಸುಳ್ಳಾಗಿರಲಿಲ್ಲ.

ಎರಡು ತಿಂಗಳು ಕಳೆಯುತ್ತಿದ್ದಂತೆ ಸಾಧನಗಳು ಒಂದೊಂದಾಗಿ ಮೌನವಾಗತೊಡಗಿದವು. ಹಿಂದಿರುಗಿ ಬಂದ ಮೊದಲನೆಯದನ್ನು ನಾನೇ ಬಿಚ್ಚಲು ಕುಳಿತೆ. ಬಿಚ್ಚಲು ಆಗಲಿಲ್ಲ, ಮುಚ್ಚಳವನ್ನು ಸುತ್ತಲೂ ಅಂಟು ಹಾಕಿ ಕೂರಿಸಿದ್ದರು. ಚಾಕುವಿನಿಂದ ಅಂಚು ಕೊಯ್ದು, ಹೆರೆದ ಪ್ಲಾಸ್ಟಿಕ್ ಚೂರುಗಳನ್ನು ಊದಿ, ಮೀಟರ್‌ನ ಎರಡು ಮುಳ್ಳುಗಳನ್ನು ಸೆಲ್‌ಗೆ ಇಟ್ಟೆ. 3 ವೋಲ್ಟ್ ಇರಬೇಕಾದಲ್ಲಿ 2.1. ರೇಡಿಯೊ ಎದ್ದ ಕ್ಷಣ ಅದೂ ಕುಸಿದು ಚಿಪ್ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಏಳುವುದು, ಬೀಳುವುದು, ಏಳುವುದು, ಬೀಳುವುದು.

ಅಂಟು ಏಕೆ? ಪಿಆರ್‌ಡಿಯಲ್ಲಿ ‘ಐಪಿ67’ ಎಂದಿತ್ತು. ಅದನ್ನು ಬರೆದವನೂ ನಾನೇ, ಹಳೆಯ ಇನ್ನೊಂದು ಉತ್ಪನ್ನದ ದಾಖಲೆಯಿಂದ ನಕಲು ಮಾಡಿದ್ದು. ಐಇಸಿ 60529 ಮಾನದಂಡದ ಪ್ರಕಾರ ಅದರಲ್ಲಿನ 6 ಎಂದರೆ ಧೂಳು ಒಳಹೋಗಬಾರದು, 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡಬಾರದು. ಕಪಾಟಿನ ಮೇಲೆ ಕೂರುವ ಸಾಧನ ಯಾವ ಕೆರೆಗೆ ಹಾರುತ್ತಿತ್ತೋ! (ಅಂದಹಾಗೆ, ಐಪಿ67 ಇದ್ದರೆ ಪೈಪಿನಿಂದ ರಭಸವಾಗಿ ನೀರು ಹಾಯಿಸಿದರೂ ತಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದಕ್ಕೆ ಬೇರೆ ಪರೀಕ್ಷೆ, ಬೇರೆ ಅಂಕಿ.) ವಿನ್ಯಾಸಕಾರರು ನನ್ನ ಅಂಕಿಯನ್ನು ಗೌರವಿಸಿ ಅಂಟು ಹಾಕಿದರು. ಸೆಲ್ ಬದಲಾಯಿಸಲು ಬರಬೇಕು ಎಂದು ನಾನು ಎಲ್ಲೂ ಬರೆದಿರಲಿಲ್ಲ. ಅದು ಹೇಳದೆಯೇ ಗೊತ್ತಿರುವ ಸಂಗತಿ ಎಂದು ನನ್ನ ಭಾವನೆ.

ಸರಿ, ಫರ್ಮ್‌ವೇರ್ ಬದಲಿಸಿ ಹತ್ತು ನಿಮಿಷಕ್ಕೊಮ್ಮೆ ಎಂದು ಮಾಡಿ ಮೊಬೈಲ್ ಮೂಲಕವೇ ಎಲ್ಲಕ್ಕೂ ಕಳುಹಿಸೋಣ ಎಂದರು. ಇಲ್ಲಿ ನನ್ನ ಮೂರನೆಯ ಪಾಪ ಎದುರಾಯಿತು. “ಗಾಳಿಯ ಮೂಲಕ ಫರ್ಮ್‌ವೇರ್ ನವೀಕರಣ ಇರಬೇಕು” ಎಂಬ ಸಾಲನ್ನು ನಾನು ದಾಖಲೆಗೆ ಸೇರಿಸಿದ್ದು ಬೋರ್ಡ್ ತಯಾರಿಕೆಗೆ ಹೋದ ಮೂರು ವಾರಗಳ ಮೇಲೆ. ಎಲ್ಲರೂ ತೆರೆಯಬಲ್ಲ ದಾಖಲೆ, ಸೇರಿಸಿದೆ, ಯಾರಿಗೂ ಹೇಳಲಿಲ್ಲ. ಆವೃತ್ತಿ ಸಂಖ್ಯೆಯನ್ನೂ ಬದಲಿಸಲಿಲ್ಲ. ಸಾಫ್ಟ್‌ವೇರ್‌ನವನ ಮನಸ್ಸಿನಲ್ಲಿ ಬದಲಾವಣೆ ಎಂದರೆ ಒಂದು ಸಂಜೆಯಲ್ಲಿ ಮುಗಿಯುವ ಕೆಲಸ, ಹಾರ್ಡ್‌ವೇರ್‌ನಲ್ಲಿ ಹಾಗಲ್ಲ. ಬೋರ್ಡ್‌ನಲ್ಲಿ ಆಗಲೇ ಕೂತಿದ್ದ ಚಿಪ್‌ನ ಫ್ಲ್ಯಾಶ್ ಮೆಮೊರಿ 256 ಕಿಲೋಬೈಟ್. ಬ್ಲೂಟೂತ್ ಭಾಗವೂ ಸೇರಿ ನಮ್ಮ ಫರ್ಮ್‌ವೇರ್ 170. ಸುರಕ್ಷಿತ ನವೀಕರಣಕ್ಕೆ ಹಳೆಯ ಪ್ರತಿಯನ್ನು ಮುಟ್ಟದೆ ಹೊಸದನ್ನು ಪಕ್ಕದಲ್ಲಿ ಪೂರ್ತಿ ಬರೆದು, ಸರಿಯಿದೆಯೇ ಎಂದು ತಾಳೆ ನೋಡಿ, ಆಮೇಲೆ ಅದಕ್ಕೆ ಹೊರಳಬೇಕು. ಎರಡು ಪ್ರತಿಗೆ 340 ಕಿಲೋಬೈಟ್ ಬೇಕು. ಜಾಗವಿಲ್ಲದ್ದರಿಂದ ಹಳೆಯದರ ಮೇಲೆಯೇ ಹೊಸದನ್ನು ಬರೆಯುವ ವ್ಯವಸ್ಥೆ ಮಾಡಿದ್ದರು. ನಡುವೆ ನಿಂತರೆ ಎರಡೂ ಇಲ್ಲ.

ನಡುವೆ ನಿಲ್ಲುವುದು ಯಾವಾಗ? ಸೆಲ್ ಸೊರಗಿದಾಗ. ಸೆಲ್ ಉಳಿಸಲೆಂದು ಕಳುಹಿಸುತ್ತಿದ್ದ ನವೀಕರಣಕ್ಕೇ ಸೆಲ್‌ನಲ್ಲಿ ಶಕ್ತಿ ಉಳಿದಿರಲಿಲ್ಲ. ಮೊದಲು 20 ಸಾಧನಗಳ ಮೇಲೆ ಪ್ರಯೋಗಿಸಿದೆವು. 7 ನಡುವೆಯೇ ನಿಂತು ಸತ್ತವು. ಅಲ್ಲಿಗೆ ನಿಲ್ಲಿಸಿ ಎಲ್ಲವನ್ನೂ ವಾಪಸು ತರಿಸಿದೆವು. ಒಂದೊಂದನ್ನೂ ಕೊಯ್ದು, ಕೇಬಲ್ ಹಚ್ಚಿ, ಹೊಸ ಸೆಲ್ ಹಾಕಿ, ಹೊಸ ಮುಚ್ಚಳ. ಹಣದ ಲೆಕ್ಕ ಹೇಳಲಾರೆ.

ಇಂಥ ಸಭೆಗಳಲ್ಲಿ ಯಾರಾದರೊಬ್ಬರು 1999ರಲ್ಲಿ ನಾಸಾ ಕಳೆದುಕೊಂಡ ಮಾರ್ಸ್ ಕ್ಲೈಮೇಟ್ ಆರ್ಬಿಟರ್‌ನ ಕಥೆ ಎತ್ತುತ್ತಾರೆ: ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ಕಡೆ ಅದನ್ನು ನ್ಯೂಟನ್ ಎಂದು ಓದಿಕೊಂಡರು, ನೌಕೆ ಹೋಯಿತು. “ನೋಡಿ, ಅಳತೆಯ ಮಾನ ಬರೆಯಲೇಬೇಕು” ಎಂದು ಮುಗಿಸುತ್ತಾರೆ. ಅಲ್ಲಿ ಮಾನ ಬರೆದೇ ಇತ್ತು. ಮೆಟ್ರಿಕ್ ಎಂದು ದಾಖಲೆ ಹೇಳುತ್ತಿತ್ತು. ಪಾಲನೆಯಾಗಿದೆಯೇ ಎಂದು ನೋಡುವ ಕೆಲಸ ತಪ್ಪಿಹೋಗಿತ್ತು. ಹಾಗಾಗಿ ಈಗ ನಾನು ಬರೆಯುವ ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಹೇಗೆ ಪರೀಕ್ಷಿಸುತ್ತೇವೆ ಎಂಬ ಖಾನೆ ಇದೆ. ಆ ಖಾನೆ ತುಂಬಲು ಬಾರದಿದ್ದರೆ ಸಾಲೇ ಹೋಗುತ್ತದೆ, ಎಷ್ಟೇ ಚೆನ್ನಾಗಿದ್ದರೂ.

‘ತಕ್ಷಣ’ದ ಸಾಲು ಈಗ ಹೀಗಿದೆ: “ಮೊಬೈಲ್ 10 ಮೀಟರ್ ಒಳಗಿರುವಾಗ, ಹೊಸ ಅಳತೆ 10 ನಿಮಿಷಕ್ಕೊಮ್ಮೆ ತಲುಪಬೇಕು, ತಾಪಮಾನ ಮಿತಿ ದಾಟಿದರೆ 60 ಸೆಕೆಂಡಿನೊಳಗೆ. ಇದೇ ವೇಗದಲ್ಲಿ, 5 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ಸೆಲ್ 24 ತಿಂಗಳು ಬರಬೇಕು.” ಓದಲು ಸೊಗಸಿಲ್ಲ. ಎರಡೂ ತಂಡಗಳು ಇದನ್ನು ಒಂದೇ ಸಾಲಾಗಿ ಓದಲೇಬೇಕಾಗುತ್ತದೆ, ಅಷ್ಟು ಸಾಕು.

‘ಬೇಕು’ ಎಂಬ ನಮ್ಮ ಕ್ರಿಯಾಪದವೂ ನಂಬಿಕೆಗೆ ಅರ್ಹವಲ್ಲ. ಆಸೆಗೂ ಅದೇ, ಆಜ್ಞೆಗೂ ಅದೇ. ಇಂಟರ್ನೆಟ್ ಮಾನದಂಡ ಬರೆಯುವವರು 1997ರಲ್ಲೇ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆಯಲ್ಲಿ ಕಡ್ಡಾಯಕ್ಕೊಂದು, ಶಿಫಾರಸಿಗೊಂದು, ಐಚ್ಛಿಕಕ್ಕೊಂದು ಪದ ಗೊತ್ತುಮಾಡಿಕೊಂಡರು. ನಾವೂ ‘ಕಡ್ಡಾಯ’, ‘ಇದ್ದರೆ ಒಳ್ಳೆಯದು’, ‘ಈ ಬಾರಿ ಇಲ್ಲ’ ಎಂದು ಸಾಲಿನ ಮೊದಲೇ ಹಾಕುತ್ತೇವೆ. ಮೂರನೆಯದರಿಂದಲೇ ಹೆಚ್ಚು ಜಗಳ, ಹೆಚ್ಚು ಉಪಯೋಗ.

ಮೆಮೊರಿ, ವಿದ್ಯುತ್, ಆಂಟೆನಾ, ಗುಂಡಿಗಳ ಸಂಖ್ಯೆ, ಮುಚ್ಚಳ: ಇವುಗಳನ್ನು ಮುಟ್ಟುವ ಸಾಲುಗಳಿಗೆ ಬೋರ್ಡ್ ಹೊರಡುವ ದಿನವೇ ಬೀಗ. ಆಮೇಲೆ ತಿದ್ದಬೇಕೆಂದವರು ಹಾರ್ಡ್‌ವೇರ್ ಮುಖ್ಯಸ್ಥೆಯ ಎದುರು ಕುಳಿತು ಕಾರಣ ಹೇಳಬೇಕು. ನನಗೂ ವಿನಾಯಿತಿ ಇಲ್ಲ.

ಹೋದ ವಾರ ಹೊಸ ಸಾಧನದ ಪಿಆರ್‌ಡಿಗೆ ಆ್ಯಪ್ ತಂಡದ ಗೆಳೆಯರೊಬ್ಬರು “ಸಾಧನ ಬೇಗ ಜೋಡಣೆಯಾಗಬೇಕು” ಎಂದು ಸೇರಿಸಿದ್ದರು. ಎಷ್ಟು ಸೆಕೆಂಡು ಎಂದು ಕೇಳಿದೆ. ನೋಡಿ ಹೇಳುತ್ತೇನೆ ಎಂದರು. ಖಾನೆ ಇವತ್ತೂ ಖಾಲಿ ಇದೆ, ಬೋರ್ಡ್ ಇನ್ನೂ ಹೊರಟಿಲ್ಲ.