ವೆಲೋ ಓಪಲ್ ಉಂಗುರ: ವರ್ಷಗಟ್ಟಲೆ ಹಾಕಿಕೊಂಡ ಮೇಲೆ

ನನ್ನದು ಬೆಳ್ಳಿಯಲ್ಲಿ ಕಟ್ಟಿಸಿದ ಇಥಿಯೋಪಿಯಾದ ವೆಲೋ ಓಪಲ್. ಅಲ್ಲಿನ ವೊಲ್ಲೊ ಕಡೆ 2008ರಲ್ಲಿ ಸಿಕ್ಕ ನಿಕ್ಷೇಪದ ಕಲ್ಲು ಇದು. ಜೈಪುರದಲ್ಲಿ ಕಟಿಂಗ್ ಆಗಿ ಬರುತ್ತದೆ. ವಜ್ರ ಕೊಳ್ಳಲಾಗದವರಿಗೆ ಶುಕ್ರನ ಹೆಸರಲ್ಲಿ ಈಗ ಜಾಸ್ತಿ ತೋರಿಸುವುದು ಇದನ್ನೇ.

ಬಣ್ಣಕ್ಕೆ ಐದಕ್ಕೆ ಐದು ಕೊಡುತ್ತೇನೆ. ಬಿಸಿಲಲ್ಲಿ ಕೈ ಒಂಚೂರು ವಾಲಿಸಿದರೆ ಹಸಿರು ಹೋಗಿ ಕಿತ್ತಳೆ ಬರುತ್ತದೆ. ದಿನಬಳಕೆಗೆ ಮಾತ್ರ ಎರಡೇ.

ಯಾಕೆಂದರೆ ಈ ಕಲ್ಲು ನೀರು ಕುಡಿಯುತ್ತದೆ. ಉಂಗುರ ಬಿಚ್ಚದೆ ಪಾತ್ರೆ ತೊಳೆದರೆ ಕಲ್ಲು ಗಾಜಿನ ತುಂಡಿನ ಥರ ಆಗಿಬಿಡುತ್ತದೆ, ಬಣ್ಣವೆಲ್ಲ ಮಾಯ. ಹಾಗೇ ಬಿಟ್ಟರೆ ಒಣಗಿ, ಕೆಲವೊಮ್ಮೆ ದಿನಗಟ್ಟಲೆ ಕಾದ ಮೇಲೆ, ಬಣ್ಣ ವಾಪಸ್ ಬರುತ್ತದೆ. ಅವಸರಕ್ಕೆ ಹೇರ್ ಡ್ರೈಯರ್ ಹಿಡಿಯಬೇಡಿ, ಸೀಳು ಬಿಡಬಹುದು. ನೀರಾದರೆ ಸರಿ, ಆರಿಹೋಗುತ್ತದೆ. ಎಣ್ಣೆ, ಅರಿಶಿನ, ಬೆವರು ಒಳಗೆ ಇಳಿದರೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ನನ್ನದು ಈಗ ಅಂಚಿನಲ್ಲಿ ತುಸು ಹಳದಿ ಆಗಿದೆ. ಕಲ್ಲು ಚರ್ಮಕ್ಕೆ ತಾಗಲೇಬೇಕು ಅಂತ ಜ್ಯೋತಿಷಿಗಳು ಹಿಂಬದಿ ತೆರೆದ ಉಂಗುರ ಮಾಡಿಸುತ್ತಾರೆ ನೋಡಿ, ಈ ಜಾತಿಯ ಓಪಲ್‌ಗೆ ಅದಕ್ಕಿಂತ ಕೆಟ್ಟ ಕಟ್ಟು ಇನ್ನೊಂದಿಲ್ಲ.

ಗೀರು ಇನ್ನೊಂದು ತಲೆನೋವು. ಹತ್ತರವರೆಗಿನ ಮೋಸ್ ಅಳತೆಯಲ್ಲಿ ಓಪಲ್ ಗಡಸುತನ 5.5ರಿಂದ 6.5. ನಮ್ಮ ರಸ್ತೆ ಧೂಳಿನಲ್ಲಿರುವ ಸ್ಫಟಿಕದ ಕಣ 7. ಸುಮ್ನೆ ಒಣಬಟ್ಟೆಯಲ್ಲಿ ಉಜ್ಜಿದರೂ ಗೀರು ಬೀಳುತ್ತದೆ. ಉಬ್ಬಿದ ನೆತ್ತಿಯ ಮೇಲೆ ನನ್ನದು ಮಂಕಾಗಿದೆ.

ದಿನಾ ಹಾಕಬೇಕು ಅನ್ನುವವರು ಆಸ್ಟ್ರೇಲಿಯಾದ ಕೂಬರ್ ಪೀಡಿಯ ಬಿಳಿ ಓಪಲ್ ಕೇಳಿ, ಅದು ಹೀಗೆ ನೀರು ಹೀರುವುದಿಲ್ಲ. ಅದೇ ದೇಶದ ಲೈಟ್ನಿಂಗ್ ರಿಜ್‌ನ ಕಪ್ಪು ಓಪಲ್ ಬೆಲೆ ನಮ್ಮಂಥವರಿಗಲ್ಲ ಬಿಡಿ. ಕಪ್ಪು ಹಿನ್ನೆಲೆಯ ಕಲ್ಲು ಅಗ್ಗಕ್ಕೆ ಸಿಕ್ಕರೆ ಅಂಚು ನೋಡಿ. ನಮ್ಮ ಅಕ್ಕನ ಪೆಂಡೆಂಟ್ ಟ್ರಿಪ್ಲೆಟ್: ಕೆಳಗೆ ಕಪ್ಪು ತಳ, ನಡುವೆ ತೆಳುವಾದ ಓಪಲ್ ಪದರ, ಮೇಲೆ ಗಾಜಿನ ಮುಚ್ಚಳ. ಪಕ್ಕದಿಂದ ನೋಡಿದರೆ ಗೋಂದಿನ ಗೆರೆ ಸ್ಕೇಲ್ ಇಟ್ಟು ಎಳೆದಷ್ಟು ನೇರ. ಒಂದು ಮೂಲೆಯಲ್ಲಿ ನೀರು ನುಗ್ಗಿ ಬೂದು ಮಬ್ಬು ಹರಡಿದೆ, ಅದು ಇನ್ನು ಹೋಗಲ್ಲ. ಸುತ್ತ ಬೆಳ್ಳಿ ಮುಚ್ಚಿದರೆ ಈ ಗೆರೆ ಕಾಣುವುದೇ ಇಲ್ಲ, ಹಾಗಾಗಿ ಕಟ್ಟುವ ಮುಂಚೆ ಬಿಡಿ ಕಲ್ಲು ಕೇಳಿ ನೋಡಿ. ಕ್ವೀನ್ಸ್‌ಲ್ಯಾಂಡಿನ ಬೌಲ್ಡರ್ ಓಪಲ್‌ಗೂ ಕಂದು ತಳ ಇರುತ್ತದೆ, ಆದರೆ ಅದು ಅಂಟಿಸಿದ್ದಲ್ಲ, ಜೊತೆಗೇ ಬಂದ ಕಬ್ಬಿಣದ ಕಲ್ಲು, ಗೆರೆ ಅಂಕುಡೊಂಕಾಗಿರುತ್ತದೆ. ಓಪಲೈಟ್ ಅಂತ ಮಾರುವುದು ಹೆಚ್ಚಾಗಿ ಬರೀ ಗಾಜು.

ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಎಲ್ಲವೂ ಚೆಂದವೇ ಅಲ್ವಾ? ಬಾಗಿಲ ಹೊರಗೆ ನೆರಳಿಗೆ ತಂದು ನೋಡಿ. ನಾನು ಮುಂದಿನ ಸಲ ಕೊಂಡರೆ ಕಿವಿಯೋಲೆಯೇ, ಬೆರಳಿಗಂತೂ ಬೇಡ.